ಹಾಜರಿ ಪುಸ್ತಕ ಮತ್ತು ಪ್ಲೇಗು: 1898ರ ಹುಬ್ಬಳ್ಳಿ ಗಿರಣಿಯ ಲಸಿಕೆ ಲೆಕ್ಕ

ಕಾರ್ಮಿಕರ ಆರೋಗ್ಯದ ಚರಿತ್ರೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ 1948ರಿಂದ ಶುರುಮಾಡುತ್ತಾರೆ. ಕಾರ್ಖಾನೆ ಕಾಯ್ದೆ, ಇಎಸ್‌ಐ ಕಾಯ್ದೆ ಎರಡೂ ಬಂದದ್ದು ಆ ವರ್ಷ. ಆದರೆ ಒಂದೇ ಗಿರಣಿಯ ಕೆಲಸಗಾರರಲ್ಲಿ ಲಸಿಕೆ ಹಾಕಿಸಿಕೊಂಡವರೆಷ್ಟು, ಬಿಟ್ಟವರೆಷ್ಟು, ಸತ್ತವರೆಷ್ಟು ಎಂದು ಬಿಡಿಸಿ ಬರೆದ ಲೆಕ್ಕ ಅದಕ್ಕೆ ಅರ್ಧ ಶತಮಾನ ಮೊದಲೇ ಹುಬ್ಬಳ್ಳಿಯಲ್ಲಿ ಸಿಕ್ಕುತ್ತದೆ. ಪ್ಲೇಗಿನ ಚರಿತ್ರೆಕಾರರು ಅದನ್ನು ಲಸಿಕೆಯ ಗೆಲುವಿನ ಸಾಕ್ಷಿಯಾಗಿ ಓದುತ್ತಾರೆ. ನನಗೆ ಅದರಲ್ಲಿ ಬೇರೆಯದೂ ಕಾಣುತ್ತದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಗುರುತಿಸಲಾದ ಪ್ಲೇಗು ರೈಲು ಹಿಡಿದು ದಕ್ಷಿಣಕ್ಕೆ ಬಂತು. ಹುಬ್ಬಳ್ಳಿ ಅದಕ್ಕೆ ಹೇಳಿಮಾಡಿಸಿದ ಊರು: ಸದರ್ನ್ ಮರಾಠಾ ರೈಲ್ವೆಯ ಜಂಕ್ಷನ್, ಅದರದೇ ವರ್ಕ್‌ಶಾಪು, ಅರಳೆ ಪೇಟೆ, ನೂಲಿನ ಗಿರಣಿ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ರೋಗ ತಲುಪಿದ್ದೂ ಇದೇ ಹಳಿಯ ಮೇಲೆ.

ಲಸಿಕೆ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಸಣ್ಣ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಉಕ್ರೇನಿನ ಒಡೆಸ್ಸಾದ ವಾಲ್ಡೆಮರ್ ಹಾಫ್‌ಕಿನ್ 1897ರ ಜನವರಿ 10ರಂದು ಮೊದಲ ಸೂಜಿಯನ್ನು ತನಗೇ ಚುಚ್ಚಿಸಿಕೊಂಡ. ಆಮೇಲೆ ಬೈಕುಲಾ ಜೈಲಿನ ಕೈದಿಗಳು. ತಯಾರಿಕೆಯ ಕ್ರಮ ಕುತೂಹಲದ್ದು. ಹಿಂದೂ ಮುಸ್ಲಿಮರಿಬ್ಬರಿಗೂ ತಕರಾರು ಬರಬಾರದೆಂದು ದನ, ಹಂದಿ ಎರಡನ್ನೂ ಬಿಟ್ಟು ಆಡಿನ ಮಾಂಸದ ಸಾರು ಮಾಡಿ, ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದರು. ಆ ತುಪ್ಪವನ್ನು ಹಿಡಿದುಕೊಂಡು ಪ್ಲೇಗಿನ ಜೀವಾಣುಗಳು ಆಲದ ಬಿಳಲಿನಂತೆ ಕೆಳಗಿಳಿಯುತ್ತಿದ್ದವು. ಅಲುಗಿಸಿದರೆ ಉದುರಿ ಮತ್ತೆ ಬೆಳೆಯುತ್ತಿದ್ದವು. ಹೀಗೆ ವಾರಗಟ್ಟಲೆ ಬೆಳೆಸಿ, 65ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗೆ ತುಂಬುತ್ತಿದ್ದರು. ಚುಚ್ಚಿಸಿಕೊಂಡವರಿಗೆ ತೋಳು ಬಾತು ಜ್ವರ ಬರುತ್ತಿತ್ತು. ದಿನಗೂಲಿಯವನಿಗೆ ಅಂಥ ಜ್ವರ ಎಂದರೆ ಕೂಲಿ ಹೋದಂತೆ. ಸೂಜಿ ಎರಡಾದ್ದರಿಂದ ಅದೂ ಎರಡು ಸಲ.

ಆದರೂ ಹುಬ್ಬಳ್ಳಿಯಲ್ಲಿ 1898ರ ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯೊಳಗೆ, ಸುಮಾರು 50,000 ಜನರಿದ್ದ ಊರಿನಲ್ಲಿ, 38,000ಕ್ಕೂ ಹೆಚ್ಚು ಮಂದಿ ಚುಚ್ಚಿಸಿಕೊಂಡರು. ಕೆಲಸದ ಮುಂದಾಳು ಸೇನಾ ವೈದ್ಯ ಕ್ಯಾಪ್ಟನ್ ಲ್ಯೂಮನ್. ಧಾರವಾಡ, ಗದಗಗಳಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ದುಡಿದರು. ಜನ ವಿಜ್ಞಾನವನ್ನು ನಂಬಿ ಸಾಲುಗಟ್ಟಿದರು ಎನ್ನುವುದು ಅರ್ಧ ಮಾತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಸರಕಾರಕ್ಕೆ ಮನೆ ಹೊಕ್ಕು ನೋಡುವ, ಜನರನ್ನು ಬೇರ್ಪಡಿಸಿ ಶಿಬಿರಕ್ಕೆ ಅಟ್ಟುವ ಅಧಿಕಾರ ಕೊಟ್ಟಿತ್ತು. ಅದೇ ವರ್ಷದ ಜೂನ್ 22ರಂದು ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಗುಂಡು ಹಾರಿದ ಮೇಲೆ ಬಲವಂತದ ದಾರಿ ದುಬಾರಿಯಾಯಿತು. ಲಸಿಕೆಯ ಪ್ರಮಾಣಪತ್ರ ಇದ್ದವರಿಗೆ ಶಿಬಿರವಾಸದಿಂದ ರಿಯಾಯಿತಿ ಎಂಬ ಕರಾರು ಮುಂಬಯಿ ಪ್ರಾಂತದಲ್ಲಿ ಬಳಕೆಗೆ ಬಂತು. ಕೂಲಿಯವನು ಎರಡು ಜ್ವರವನ್ನು ಒಂದು ಕಡೆ, ಶಿಬಿರವನ್ನು ಇನ್ನೊಂದು ಕಡೆ ಇಟ್ಟು ತೂಗಿದ. ಇದನ್ನು ಒಪ್ಪಿಗೆ ಎನ್ನುವುದಕ್ಕಿಂತ ಚೌಕಾಸಿ ಎನ್ನುವುದು ಸರಿ.

ಇನ್ನು ಲೆಕ್ಕ. ಸದರ್ನ್ ಮರಾಠಾ ನೂಲು ಮತ್ತು ನೇಯ್ಗೆ ಕಂಪನಿಯ 1,173 ಕೆಲಸಗಾರರಲ್ಲಿ ಎರಡೂ ಸಲ ಚುಚ್ಚಿಸಿಕೊಂಡವರು 1,040. ಅವರಲ್ಲಿ ಸತ್ತವರು 22. ಒಂದೇ ಸಲ ಚುಚ್ಚಿಸಿಕೊಂಡ 58 ಮಂದಿಯಲ್ಲಿ 8. ಚುಚ್ಚಿಸಿಕೊಳ್ಳದ 75 ಮಂದಿಯಲ್ಲಿ 20. ಅಂದರೆ ಶೇಕಡಾ 2.11, 13.79, 26.66. ಹಾಫ್‌ಕಿನ್ ಇದನ್ನು 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಇಡೀ ಊರಿನ ಅಂಕಿಗಿಂತ ಇದು ಗಟ್ಟಿ. ಊರಲ್ಲಿ ಎಷ್ಟು ಜನ ಉಳಿದಿದ್ದರು ಎಂಬುದೇ ಅಂದಾಜು. ಇಲಿ ಸತ್ತುಬಿತ್ತು ಎಂದರೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕುವ ಕಾಲ ಅದು. ಗಿರಣಿಯಲ್ಲಿ ಹಾಗಲ್ಲ. ಕೂಲಿ ಬಟವಾಡೆಗೆ ಹಾಜರಿ ಬೇಕೇ ಬೇಕು.

ಹಾಗೆಂದು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಮೊದಲ ಸೂಜಿಗೂ ಎರಡನೆಯದಕ್ಕೂ ನಡುವೆ ದಿನಗಳ ಅಂತರವಿತ್ತು. ಆ ನಡುವೆ ತೀರಿಕೊಂಡವನು ತಾನಾಗಿಯೇ ‘ಒಂದೇ ಸಲ’ದ ಸಾಲಿಗೆ ಬೀಳುತ್ತಾನೆ. ಸೂಜಿಯ ಸರದಿ ಬರುವ ಮೊದಲೇ ಸತ್ತವನು ‘ಚುಚ್ಚಿಸಿಕೊಳ್ಳದವರ’ ಸಾಲಿಗೆ. ಎರಡು ಸಲದವರ ಸಾಲಿಗೆ ಸೇರಲು ಅಲ್ಲಿಯತನಕ ಬದುಕಿರಲೇಬೇಕು. ಸಾಲುಗಳೇ ಹೀಗೆ ಓರೆಯಾದಾಗ ವ್ಯತ್ಯಾಸ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಟ್ಟು ಸಾವು 50. ಅದರಲ್ಲಿ ಐದಾರು ಹೆಸರು ಅತ್ತಿತ್ತ ಆದರೂ ಸಣ್ಣ ಸಾಲುಗಳ ಶೇಕಡಾ ಲೆಕ್ಕ ಬುಡಮೇಲಾಗುತ್ತದೆ. ಲಸಿಕೆಗೆ ಗುಣವಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಹನ್ನೆರಡು ಪಟ್ಟು ಗುಣವಿತ್ತು ಎಂಬುದರಲ್ಲಿ ಇದೆ. ಥಾಮಸ್ ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗವೂ ಇಂಥದೇ ತೀರ್ಮಾನಕ್ಕೆ ಬಂತು: ಲಸಿಕೆಯಿಂದ ರೋಗ ತಗಲುವುದೂ ಸಾವೂ ಕಡಿಮೆಯಾಗುತ್ತವೆ, ಪೂರ್ಣ ರಕ್ಷಣೆ ಇಲ್ಲ, ಪ್ರಮಾಣ ನಿಗದಿಯಲ್ಲಿ ಬಿಗಿ ಸಾಲದು.

ಮುಂದಿನದನ್ನು ಬೇಗ ಹೇಳಬಹುದು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್‌ನಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಹುದ್ದೆ ಕಳೆದುಕೊಂಡ, 1907ರಲ್ಲಿ ನಿರ್ದೋಷಿ ಎನಿಸಿಕೊಂಡ. 1925ರಲ್ಲಿ ಮುಂಬಯಿಯ ಪರೇಲಿನ ಪ್ರಯೋಗಶಾಲೆಗೆ ಅವನ ಹೆಸರಿಟ್ಟರು.

ಹುಬ್ಬಳ್ಳಿಯ ಆ 1,173 ಮಂದಿಗೆ ಮಾತ್ರ ವರದಿಯಲ್ಲಿ ಹೆಸರಿಲ್ಲ. ಹೆಂಗಸರೆಷ್ಟು, ಮಕ್ಕಳೆಷ್ಟು, ಜ್ವರದ ದಿನಗಳ ಕೂಲಿ ಯಾರು ತೆತ್ತರು ಎಂಬುದಕ್ಕೆ ಉತ್ತರ ಸಿಕ್ಕರೆ ಹಾಜರಿ ಪುಸ್ತಕ, ಬಟವಾಡೆ ಕಡತಗಳಲ್ಲೇ ಸಿಗಬೇಕು. ಹುಬ್ಬಳ್ಳಿ ಧಾರವಾಡದ ಹಳೆಯ ಮನೆಗಳ ಟ್ರಂಕಿನಲ್ಲಿ ಪ್ಲೇಗ್ ಲಸಿಕೆಯ ಪ್ರಮಾಣಪತ್ರವೋ ಗಿರಣಿಯ ಕಾಗದವೋ ಸಿಕ್ಕರೆ ರದ್ದಿಗೆ ಹಾಕಬೇಡಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ಒಮ್ಮೆ ತೋರಿಸಿ.