ಘೋಷಣೆಯಲ್ಲಿ ಟೈಪಿನ ಸ್ಥಾನ

ಪ್ರೋಗ್ರಾಮಿನಲ್ಲಿ ವೇರಿಯಬಲ್ ಅಥವಾ ಫಂಕ್ಷನ್ ಘೋಷಿಸುವಾಗ ಟೈಪನ್ನು ಹೆಸರಿನ ಹಿಂದೆ ಬರೆಯಬೇಕೋ ಮುಂದೆ ಬರೆಯಬೇಕೋ ಎಂಬುದನ್ನು ಆಯಾ ಭಾಷೆಯ ವ್ಯಾಕರಣ ಗೊತ್ತುಮಾಡುತ್ತದೆ. ಇದು ಬರೀ ಅಭಿರುಚಿಯ ಮಾತಲ್ಲ. ಓದುವವರಿಗೂ ಕಂಪೈಲರಿಗೂ ಇದರ ಬಿಸಿ ತಟ್ಟಿದೆ.

1957ರ ಫೋರ್ಟ್ರಾನಿನಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುತ್ತಿರಲಿಲ್ಲ. ಹೆಸರಿನ ಮೊದಲ ಅಕ್ಷರ ಐನಿಂದ ಎನ್‌ವರೆಗಿನದಾದರೆ ಅದು ಪೂರ್ಣಾಂಕ, ಉಳಿದವು ದಶಮಾಂಶ ಸಂಖ್ಯೆಗಳು. ಆಲ್ಗಾಲ್ 60 ‘ಇಂಟಿಜರ್ ಎನ್’ ಎಂದು ಟೈಪನ್ನು ಮೊದಲು ಬರೆಸಿತು. ಆಲ್ಗಾಲ್ ಪರಂಪರೆಯಲ್ಲೇ ಪಳಗಿದ ನಿಕ್ಲಾಸ್ ವಿರ್ತ್ 1970ರ ಪ್ಯಾಸ್ಕಲ್‌ನಲ್ಲಿ ಅದನ್ನು ತಿರುವಿಹಾಕಿದರು: ಮೊದಲು ಹೆಸರು, ಆಮೇಲೆ ಕೋಲನ್, ಕೊನೆಗೆ ಟೈಪ್.

ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯ ದಾರಿ ಬೇರೆ. ಅದರ ಹಿಂದಿನ ಬಿ ಭಾಷೆಗೆ ಟೈಪುಗಳೇ ಇರಲಿಲ್ಲ. ಹೆಸರನ್ನು ಬಳಸುವ ರೀತಿಯಲ್ಲೇ ಘೋಷಿಸಬೇಕು ಎಂಬುದು ರಿಚಿಯವರ ನಿಯಮ. ‘ಇಂಟ್ *ಪಿ’ ಎಂದರೆ, ಪಿಯ ಮುಂದೆ ನಕ್ಷತ್ರ ಹಾಕಿದಾಗ ಸಿಗುವುದು ಇಂಟ್. ಸುಂದರವಾದ ವಿಚಾರವೇ, ಆದರೆ ತೆತ್ತ ಬೆಲೆ ದೊಡ್ಡದು. ನಕ್ಷತ್ರ ಹೆಸರಿನ ಎಡಕ್ಕೆ, ಅರೇಯ ಆವರಣ ಬಲಕ್ಕೆ. ಎರಡೂ ಕೂಡಿದರೆ ಹೆಸರಿನಿಂದ ಶುರುಮಾಡಿ ಒಳಗಿನಿಂದ ಹೊರಕ್ಕೆ ಓದಬೇಕು. ‘ಇಂಟ್ *ಎ, ಬಿ’ ಎಂದು ಬರೆದರೆ ಎ ಮಾತ್ರ ಪಾಯಿಂಟರ್, ಬಿ ಅಲ್ಲ. ಹೊಸಬರು ಇಲ್ಲಿ ಎಡವುವುದು ಸಹಜ. ‘ಟಿ * ಎಕ್ಸ್;’ ಘೋಷಣೆಯೋ ಗುಣಾಕಾರವೋ ಎಂದು ತಿಳಿಯಲು ಟಿ ಒಂದು ಟೈಪೇ ಎಂಬುದು ಕಂಪೈಲರಿಗೆ ಮೊದಲೇ ಗೊತ್ತಿರಬೇಕು. ನಕ್ಷತ್ರವನ್ನು ಹೆಸರಿನ ನಂತರ ಇಟ್ಟಿದ್ದರೆ ಹಲವು ಘೋಷಣೆಗಳು ಸರಳವಾಗುತ್ತಿದ್ದವು, ಆದರೆ ಅದು ಹೊಳೆಯುವಷ್ಟರಲ್ಲಿ ಬದಲಿಸುವ ಕಾಲ ಮೀರಿತ್ತು ಎಂದು ರಿಚಿಯವರೇ 1993ರಲ್ಲಿ ಬರೆದರು. ಸಿ++, ಜಾವಾ, ಸಿ ಶಾರ್ಪ್ ಮೂರೂ ಟೈಪನ್ನು ಮೊದಲು ಬರೆಯುವ ಪದ್ಧತಿಯನ್ನೇ ಉಳಿಸಿಕೊಂಡವು.

ಗಾಳಿ ತಿರುಗಿದ್ದು ಟೈಪನ್ನು ಕಂಪೈಲರೇ ಊಹಿಸುವ ವಿದ್ಯೆಯಿಂದ. ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಕಟ್ಟಿದ ಎಂಎಲ್‌ನಲ್ಲಿ ಟೈಪ್ ಬರೆಯದಿದ್ದರೂ ನಡೆಯುತ್ತದೆ. ಹೆಸರು ಮೊದಲಿದ್ದರೆ ಟೈಪನ್ನು ಸುಮ್ಮನೆ ಬಿಡಬಹುದು. ಟೈಪೇ ಮೊದಲಿದ್ದರೆ ಆ ಜಾಗಕ್ಕೆ ಇನ್ನೇನಾದರೂ ಬೇಕು: ಸಿ++ 2011ರಲ್ಲಿ ‘ಆಟೋ’ ಎಂದಿತು, ಜಾವಾ 2018ರಲ್ಲಿ ‘ವಾರ್’ ಎಂದಿತು. ಫಂಕ್ಷನ್ ಕೊಡುವ ಉತ್ತರದ ಟೈಪು ಅದರ ಪ್ಯಾರಾಮೀಟರುಗಳನ್ನು ಅವಲಂಬಿಸಿದಾಗ, ಟೈಪನ್ನು ಮೊದಲೇ ಬರೆಯುವ ಜಾಗದಲ್ಲಿ ಆ ಪ್ಯಾರಾಮೀಟರುಗಳ ಹೆಸರುಗಳು ಇನ್ನೂ ಬಂದೇ ಇರುವುದಿಲ್ಲ. ಹಾಗಾಗಿ ಉತ್ತರದ ಟೈಪನ್ನು ಬಾಣದ ಗುರುತಿನ ನಂತರ ಕೊನೆಯಲ್ಲಿ ಬರೆಯಲೂ ಸಿ++ 2011ರಲ್ಲೇ ಅವಕಾಶ ಕೊಟ್ಟಿತು.

2009ರಲ್ಲಿ ಹೊರಬಂದ ಗೋ ಕೋಲನ್ನನ್ನೂ ಕೈಬಿಟ್ಟು ಹೆಸರಿನ ಪಕ್ಕದಲ್ಲೇ ಟೈಪನ್ನಿಟ್ಟಿತು. ಎಡದಿಂದ ಬಲಕ್ಕೆ ಸಲೀಸಾಗಿ ಓದಿಸಿಕೊಳ್ಳುವುದೇ ಅದರ ಗೆಲುವು. ರಸ್ಟ್, ಕಾಟ್ಲಿನ್, ಸ್ವಿಫ್ಟ್, ಟೈಪ್‌ಸ್ಕ್ರಿಪ್ಟ್ ಕೋಲನ್ನಿಗೆ ಒಲಿದವು. ಪೈಥಾನ್ 2016ರಲ್ಲಿ, 3.6ನೇ ಆವೃತ್ತಿಯಿಂದ, ವೇರಿಯಬಲ್ಲಿಗೂ ಟೈಪ್ ಬರೆಯಲು ಬಿಟ್ಟಿತು. ಅಷ್ಟರಲ್ಲಿ ಬರೆದಾಗಿದ್ದ ಪೈಥಾನಿನಲ್ಲಿ ವೇರಿಯಬಲ್ಲಿಗೆ ಬೆಲೆ ಕೊಡುವ ಸಾಲುಗಳು ಹೆಸರಿನಿಂದಲೇ ಶುರುವಾಗುತ್ತಿದ್ದವು. ಟೈಪು ಅದರ ಬಲಕ್ಕೆ, ಕೋಲನ್ನಿನ ಆಚೆ ಹೋಗಿ ಕೂತಿತು.