ಕೂಟಶಾಸನದಿಂದ ಗಾಳದ ಪತ್ರದವರೆಗೆ

ಬೀಳಗಿ, ಮುಧೋಳ, ಜಮಖಂಡಿ ಸೀಮೆಯ ಕಬ್ಬು ಬೆಳೆಗಾರನ ಬಿಲ್ಲು ಈಗ ಜಮಾ ಆಗುವುದು ಬ್ಯಾಂಕಿನ ಖಾತೆಗೆ. ಆ ಸುದ್ದಿ ತಲುಪುವುದು ಮೊಬೈಲಿಗೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದಾದರೂ, ಬಿಲ್ಲಿಗಾಗಿ ದಾರಿ ಕಾಯುವುದು ಈ ಭಾಗದವರಿಗೆ ಹೊಸದಲ್ಲ. ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಯೂ ದೂರದ ಪೇಟೆಯಿಂದ ಬರಬೇಕಾದ ಹಣವನ್ನು ಫೋನಿನ ಪರದೆಯಲ್ಲೇ ನೋಡುತ್ತಾನೆ. ಆಲಮಟ್ಟಿ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟು ಪರಿಹಾರದ ಹಣವನ್ನು ಬ್ಯಾಂಕಿನಲ್ಲಿಟ್ಟ ಕುಟುಂಬಗಳೂ ಇಲ್ಲಿವೆ. ಹೀಗೆ ಹಣವೆಂಬುದು ಕೈಗೆ ಸಿಗದೆ ಬರಿಯ ಅಕ್ಷರವಾಗಿ ಓಡಾಡುವ ಕಡೆಯಲ್ಲೆಲ್ಲ ಒಂದು ಬಗೆಯ ಪತ್ರ ಬರುತ್ತದೆ. ‘ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ. 24 ಗಂಟೆಯೊಳಗೆ ಕೆಳಗಿನ ಕೊಂಡಿಯನ್ನು ಒತ್ತಿ ವಿವರ ದೃಢಪಡಿಸಿ’ ಎನ್ನುವುದು ಅದರ ಒಕ್ಕಣೆ. ಮೇಲೆ ಬ್ಯಾಂಕಿನದೋ ಹಣ ಪಾವತಿ ಸೇವೆಯದೋ ಚಿಹ್ನೆ, ಕೆಳಗೆ ಅಧಿಕಾರಿಯೊಬ್ಬರ ಹೆಸರು. ಕಳುಹಿಸಿದವನು ಮಾತ್ರ ಬೇರೆಯವನು.

ಇದಕ್ಕೆ ಫಿಶಿಂಗ್ ಎಂದು ಹೆಸರು. ಗಾಳ ಹಾಕುವುದು ಎಂದರೆ ಅರ್ಥ ಸರಿಯಾಗಿಯೇ ಆಗುತ್ತದೆ. ಹೆಸರು ಹುಟ್ಟಿ ಮೂವತ್ತು ವರ್ಷವಾಗಿರಬಹುದು. ಕಸುಬು ಬಹಳ ಹಳೆಯದು.

ಬೀಳಗಿ ಇರುವ ಬಾಗಲಕೋಟೆ ಜಿಲ್ಲೆಯಲ್ಲೇ ಬಾದಾಮಿಯೂ ಇದೆ. ಅಲ್ಲಿಂದ ಆಳಿದ ಚಾಲುಕ್ಯರು ದಾನವಾಗಿ ಕೊಟ್ಟ ಭೂಮಿಗೆ ತಾಮ್ರಪಟ ಬರೆಸಿ, ಪಟಗಳನ್ನು ಬಳೆಯಲ್ಲಿ ಪೋಣಿಸಿ, ಬಳೆಯ ಮೇಲೆ ವರಾಹ ಲಾಂಛನದ ಮುದ್ರೆ ಒತ್ತಿಸುತ್ತಿದ್ದರು. ದೂರದ ಹಳ್ಳಿಯ ಗೌಡ ರಾಜನನ್ನು ಕಂಡವನಲ್ಲ; ಅವನು ನಂಬುತ್ತಿದ್ದುದು ಮುದ್ರೆಯನ್ನು. ಮುದ್ರೆಯನ್ನು ನಂಬುವ ಜನರಿದ್ದಲ್ಲಿ ಮುದ್ರೆಯನ್ನು ನಕಲು ಮಾಡುವವರೂ ಇರುತ್ತಾರೆ. ಅಂಥ ಸುಳ್ಳು ರಾಜಾಜ್ಞೆಗೆ ‘ಕೂಟಶಾಸನ’ ಎಂದು ಹೆಸರಿತ್ತು. ಅದನ್ನು ಸೃಷ್ಟಿಸಿದವನಿಗೆ ಮನುಸ್ಮೃತಿ ಮರಣದಂಡನೆಯನ್ನೇ ವಿಧಿಸುತ್ತದೆ. ಇಮ್ಮಡಿ ಪುಲಕೇಶಿಯ ಎದುರಾಳಿಯಾಗಿದ್ದ ಕನೌಜಿನ ಹರ್ಷವರ್ಧನನ ಮಧುಬನ ತಾಮ್ರಪಟದಲ್ಲಿ (ಸುಮಾರು ಕ್ರಿ.ಶ. 631) ಇದರ ಸ್ಪಷ್ಟ ಉದಾಹರಣೆ ಇದೆ. ವಾಮರಥ್ಯನೆಂಬ ಬ್ರಾಹ್ಮಣ ಕೂಟಶಾಸನದ ಬಲದಿಂದ ಸೋಮಕುಂಡಕ ಎಂಬ ಗ್ರಾಮವನ್ನು ಅನುಭವಿಸುತ್ತಿದ್ದನೆಂದೂ, ಆ ಶಾಸನವನ್ನು ಮುರಿಸಿ ಗ್ರಾಮವನ್ನು ಬೇರೆಯವರಿಗೆ ಕೊಡಲಾಯಿತೆಂದೂ ಅದು ಹೇಳುತ್ತದೆ. ಕನ್ನಡ ನಾಡಿನಲ್ಲಿಯೂ ಇಂಥವಕ್ಕೆ ಕೊರತೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಜಿಲ್ಲೆಗಳ ಶಾಸನಗಳನ್ನು ಓದಿದ ಜೆ.ಎಫ್. ಫ್ಲೀಟ್, ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಕೂಟವೆಂದು ಪಕ್ಕಕ್ಕಿಟ್ಟರು. ಗದಗ ಬಳಿಯ ಕುರ್ತಕೋಟಿಯಲ್ಲಿ ಸಿಕ್ಕ, ಚಾಲುಕ್ಯರ ಹೆಸರಿನ ಪಟವೊಂದೂ ಅವರ ಆ ಸಾಲಿಗೆ ಸೇರಿತು. ಫ್ಲೀಟ್ ಅವರ ಪರೀಕ್ಷೆ ಸರಳವಾಗಿತ್ತು: ಲಿಪಿ ಆ ಕಾಲದ್ದೇ? ಹೇಳಿದ ತಿಥಿಗೆ ವಾರ ಹೊಂದುತ್ತದೆಯೇ? ವಂಶಾವಳಿ ಸರಿಯೇ? ಪತ್ರ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎಂಬುದನ್ನು ಬದಿಗಿಟ್ಟು, ಹೊರಗಿನ ಸಾಕ್ಷ್ಯದೊಂದಿಗೆ ಅದನ್ನು ತಾಳೆ ನೋಡುವುದೇ ಆ ಕ್ರಮ. ಇಮೇಲ್ ಪರೀಕ್ಷಿಸುವವರಿಗೂ ಇದಕ್ಕಿಂತ ಒಳ್ಳೆಯ ಗುರು ಸಿಗಲಾರ.

ವ್ಯಾಪಾರಿಗಳ ಲೋಕದಲ್ಲಿ ಹಣವನ್ನು ಕಾಗದವಾಗಿಸಿದ್ದು ಹುಂಡಿ. ಹಾದಿಯಲ್ಲಿ ದರೋಡೆಯ ಭಯವಿದ್ದ ಕಾಲದಲ್ಲಿ ಬೆಳ್ಳಿ ನಾಣ್ಯದ ಚೀಲ ಹೊರುವ ಬದಲು ವ್ಯಾಪಾರಿ ಒಂದು ಚೀಟಿ ಒಯ್ಯುತ್ತಿದ್ದ. ಈ ಚೀಟಿಯಲ್ಲಿ ಮೋಸ ತಡೆಯಲು ಸಾವುಕಾರರು ಮಾಡಿಕೊಂಡಿದ್ದ ಉಪಾಯಗಳನ್ನು ನೋಡಿದರೆ ಮೆಚ್ಚಿಗೆಯಾಗುತ್ತದೆ. ಮೊತ್ತವನ್ನು ಒಮ್ಮೆ ಬರೆದು ಬಿಡುತ್ತಿರಲಿಲ್ಲ. ‘ರೂಪಾಯಿ ಐದುನೂರು, ಅದರ ಅರ್ಧ ಇನ್ನೂರೈವತ್ತು, ಅದರ ಇಮ್ಮಡಿ’ ಎಂದು ಬರೆಯುತ್ತಿದ್ದರು. ಒಂದು ಸೊನ್ನೆ ಸೇರಿಸಿದರೆ ಅರ್ಧ ತಪ್ಪುತ್ತಿತ್ತು. ಹುಂಡಿ ಕಳೆದುಹೋದರೆ ‘ಪೇಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೇಠ್’. ಇನ್ನು ಷಾಜೋಗ್ ಹುಂಡಿಯ ಹಣವನ್ನು ತಂದವರಿಗೆಲ್ಲ ಕೊಡುವಂತಿರಲಿಲ್ಲ. ಪೇಟೆಯಲ್ಲಿ ಹೆಸರಿದ್ದ ‘ಷಾ’ ಒಬ್ಬನ ಕೈಗೆ ಮಾತ್ರ ಸಲ್ಲಬೇಕು. ಮುಂದೆ ಹುಂಡಿ ಸುಳ್ಳೆಂದು ತಿಳಿದರೆ ಆ ಷಾ ಹಣ ಹಿಂದಿರುಗಿಸಬೇಕು. ಎಂದರೆ ನಂಬಿಕೆಗೆ ಒಬ್ಬ ಹೊಣೆಗಾರನಿದ್ದ, ಅವನ ಅಂಗಡಿ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

1880ರಲ್ಲಿ ಅಂಚೆ ಇಲಾಖೆಯ ಮನಿಆರ್ಡರ್ ಬಂದಿತು. ಅಲ್ಲಿ ಹೊಣೆಗಾರ ಅಂಚೆಯಣ್ಣ. ಹಣ ಪಡೆದವನ ಸಹಿಯಿದ್ದ ಚೀಟಿ ಕಳುಹಿಸಿದವನಿಗೆ ಮರಳುತ್ತಿತ್ತು. ತಂತಿಯ ಮೂಲಕ ಹಣ ಕಳುಹಿಸುವಾಗ ಬ್ಯಾಂಕುಗಳು ಗುಪ್ತ ಸಂಖ್ಯೆಯೊಂದನ್ನು ಸೇರಿಸಿ, ಆಚೆಯ ಶಾಖೆ ತನ್ನ ಬಳಿಯ ಸಂಕೇತ ಪುಸ್ತಕದೊಂದಿಗೆ ಅದನ್ನು ತಾಳೆ ನೋಡಿದ ಮೇಲೆಯೇ ಹಣ ಕೊಡುತ್ತಿದ್ದವು.

ಇಷ್ಟೆಲ್ಲ ಅನುಭವವಿದ್ದ ಜಗತ್ತಿಗೆ ಇಮೇಲ್ ಬಂದದ್ದು ಮಾತ್ರ ಮುದ್ರೆಯೇ ಇಲ್ಲದೆ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಅಂಚೆ ನಿಯಮಗಳಲ್ಲಿ ಕಳುಹಿಸಿದವನು ಯಾರೆಂದು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ ‘ಇಂದ’ ಎಂಬಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ, ಹಾಗೆ. ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರ ನಡುವೆ ಅದು ದೋಷವಾಗಿ ಕಾಣಲಿಲ್ಲ. ದೋಷ ಕಂಡದ್ದು ಸಾಮಾನ್ಯ ಜನ ಬಂದ ಮೇಲೆ. 1990ರ ದಶಕದ ನಡುವಿನಲ್ಲಿ ‘ಅಮೆರಿಕ ಆನ್‌ಲೈನ್’ ಸೇವೆಯ ಚಂದಾದಾರರಿಗೆ ಕೆಲವು ಹುಡುಗರು ಕಂಪನಿಯ ಸಿಬ್ಬಂದಿಯಂತೆ ಸಂದೇಶ ಕಳುಹಿಸಿ, ಖಾತೆ ಪರಿಶೀಲನೆಗೆಂದು ಗುಪ್ತಪದ ಕೇಳತೊಡಗಿದರು. ಫಿಶಿಂಗ್ ಎಂಬ ಶಬ್ದ ಬರಹದಲ್ಲಿ 1996ರ ಜನವರಿಯಲ್ಲಿ ದಾಖಲಾಗಿದೆ. ‘ನಮ್ಮ ಸಿಬ್ಬಂದಿ ಯಾರೂ ನಿಮ್ಮ ಗುಪ್ತಪದ ಕೇಳುವುದಿಲ್ಲ’ ಎಂಬ ಎಚ್ಚರಿಕೆಯ ಸಾಲನ್ನು ಕಂಪನಿ ಆಗಲೇ ಸೇರಿಸಿತು. ಇಂದಿಗೂ ಪ್ರತಿಯೊಂದು ಬ್ಯಾಂಕು ಅದೇ ಸಾಲನ್ನು ಹೇಳುತ್ತಿದೆ, ಜನ ಅದನ್ನು ಓದದೆ ಮುಂದೆ ಹೋಗುತ್ತಿದ್ದಾರೆ.

ಹಣ ಪಾವತಿ ಸೇವೆಯ ಮೇಲೆ ದಾಖಲಾದ ಮೊದಲ ಪ್ರಯತ್ನ 2001ರ ಜೂನ್‌ನಲ್ಲಿ, ‘ಇ-ಗೋಲ್ಡ್’ ಸೇವೆಯ ಮೇಲೆ. ಅದಕ್ಕೂ ಒಂದು ವರ್ಷ ಮೊದಲೇ ಪೇಪಾಲ್ ಹೆಸರಿನ ತಾಣವೊಂದು ಕಾಣಿಸಿಕೊಂಡಿತ್ತು. ಅದರ ಕೊನೆಯ ಅಕ್ಷರ ಇಂಗ್ಲಿಷಿನ ಸಣ್ಣ ‘ಎಲ್’ ಆಗಿರದೆ ದೊಡ್ಡ ‘ಐ’ ಆಗಿತ್ತು. ಪರದೆಯ ಮೇಲೆ ಎರಡೂ ನೆಟ್ಟಗೆ ನಿಂತ ಒಂದೇ ಗೆರೆ. ಕನ್ನಡದಲ್ಲಿ ಅನುಸ್ವಾರ ಯಾವುದು, ಸೊನ್ನೆ ಯಾವುದು ಎಂದು ಕಣ್ಣಿಗೆ ತಿಳಿಯದಿರುವಂತೆಯೇ ಇದು.

ಭಾರತದಲ್ಲಿ ನ್ಯಾಯಾಲಯ ಈ ವಿದ್ಯೆಗೆ ಮೊದಲು ಹೆಸರಿಟ್ಟದ್ದು 2005ರ ಮಾರ್ಚ್ 23ರಂದು. ಸಾಫ್ಟ್‌ವೇರ್ ಉದ್ಯಮದ ಸಂಘಟನೆಯಾದ ನ್ಯಾಸ್‌ಕಾಂ ಹೆಸರಿನಲ್ಲಿ ಬೇರೆಯವರು ಇಮೇಲ್ ಕಳುಹಿಸಿ ಜನರ ವೈಯಕ್ತಿಕ ವಿವರ ಸಂಗ್ರಹಿಸುತ್ತಿದ್ದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲದಿದ್ದರೂ ಇದು ಕಾನೂನುಬಾಹಿರ ಎಂದು ಘೋಷಿಸಿತು. ರಾಜಿಯಂತೆ 16 ಲಕ್ಷ ರೂಪಾಯಿ ಪರಿಹಾರ ನಿಗದಿಯಾಯಿತು. ಬೆಂಗಳೂರಿನಲ್ಲಿ 2001ರಲ್ಲೇ ಸೈಬರ್ ಅಪರಾಧಗಳಿಗಾಗಿ ಪೊಲೀಸ್ ಠಾಣೆ ತೆರೆದಿತ್ತಾದರೂ ತಕ್ಕ ಕಲಮು ಬಂದದ್ದು ತಡವಾಗಿ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ಆದ ತಿದ್ದುಪಡಿ 2009ರ ಅಕ್ಟೋಬರ್ 27ರಂದು ಜಾರಿಗೆ ಬಂದಾಗ, ಕಂಪ್ಯೂಟರ್ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ 66ಡಿ ಕಲಮಿನಡಿ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಗೊತ್ತಾಯಿತು.

ಹಾಗಾದರೆ ಕೂಟಪತ್ರವನ್ನು ಗುರುತಿಸುವುದು ಹೇಗೆ? ಮೊದಲೆಲ್ಲ ಕಾಗುಣಿತ ತಪ್ಪು, ಒರಟು ಭಾಷೆ ಅದರ ಗುರುತು ಎನ್ನುತ್ತಿದ್ದರು. ಯಂತ್ರವೇ ಅಚ್ಚುಕಟ್ಟಾದ ಕನ್ನಡ, ಇಂಗ್ಲಿಷ್ ಬರೆದುಕೊಡುವ ಈ ದಿನಗಳಲ್ಲಿ ಆ ಗುರುತನ್ನು ನಂಬಿ ಕೂರುವಂತಿಲ್ಲ. ನೋಡಬೇಕಾದದ್ದು ವಿಳಾಸ, ಅದೂ ಬಲಗಡೆಯಿಂದ. ಅಂಚೆಯ ಲಕೋಟೆಯ ಮೇಲೆ ಮೊದಲ ಸಾಲಿನಲ್ಲಿ ‘ಅರಮನೆ’ ಎಂದು ಬರೆದಿದ್ದರೂ ಪತ್ರ ಯಾವ ಊರಿಗೆ ಹೋಗುತ್ತದೆಂದು ನಿರ್ಧರಿಸುವುದು ಕೊನೆಯ ಸಾಲುಗಳು. ಜಾಲತಾಣದ ಹೆಸರೂ ಹಾಗೆಯೇ. ‘ಪೇಪಾಲ್ ಡಾಟ್ ಕಾಮ್’ ಎಂದು ಆರಂಭವಾಗಿ ಮುಂದೆ ಇನ್ನೊಂದು ಚುಕ್ಕೆ, ಅಪರಿಚಿತ ಹೆಸರು, ಮತ್ತೆ ‘ಡಾಟ್ ಕಾಮ್’ ಬಂದರೆ ಒಡೆಯ ಆ ಅಪರಿಚಿತನೇ. ಮೊದಲ ಓರೆಗೆರೆ ಬರುವವರೆಗಿನ ಭಾಗದ ಬಲತುದಿಯೇ ಮುಖ್ಯ. ಪಕ್ಕದಲ್ಲಿ ಕಾಣುವ ಬೀಗದ ಚಿತ್ರವನ್ನು ನೋಡಿ ನೆಮ್ಮದಿಪಡುವವರಿದ್ದಾರೆ. ದಾರಿಯಲ್ಲಿ ಯಾರೂ ಪತ್ರ ಒಡೆದು ಓದಲಾರರು ಎಂದಷ್ಟೇ ಅದರ ಅರ್ಥ. ಪತ್ರ ತಲುಪುವವನು ಸಜ್ಜನ ಎಂದಲ್ಲ. ರಿಸರ್ವ್ ಬ್ಯಾಂಕ್ ಈ ಬಲತುದಿಯನ್ನೇ ಮುದ್ರೆಯಾಗಿಸಲು ಹೊರಟು, ಎಲ್ಲ ಬ್ಯಾಂಕುಗಳ ತಾಣಗಳೂ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕೆಂದು ಆದೇಶಿಸಿತು. ಹೊರಗಿನವರಿಗೆ ಆ ಹೆಸರನ್ನು ಕೊಡುವುದಿಲ್ಲ. ವರಾಹ ಲಾಂಛನಕ್ಕೆ ಇದು ಇಂದಿನ ರೂಪ ಎನ್ನಬಹುದು.

ಸಂಬಂಧವೇ ಇಲ್ಲದ ಪತ್ರ ಇನ್ನೊಂದು ಸುಳಿವು. ಪೇಪಾಲ್ ಭಾರತದೊಳಗಿನ ಪಾವತಿ ಸೇವೆಯನ್ನು 2021ರ ಏಪ್ರಿಲ್ 1ರಿಂದಲೇ ನಿಲ್ಲಿಸಿದೆ. ಬನಹಟ್ಟಿಯ ವ್ಯಾಪಾರಿಗೆ ಹುಬ್ಬಳ್ಳಿಯ ಅಂಗಡಿಯ ಬಾಕಿ ‘ಪೇಪಾಲ್ ಮೂಲಕ’ ಬಂದಿದೆ ಎಂಬ ಪತ್ರ ತಲುಪಿದರೆ ವಿಳಾಸ ನೋಡುವ ಅಗತ್ಯವೂ ಇಲ್ಲ.

ಆದರೆ ಮುದ್ರೆ ನಿಜವಿದ್ದು ಒಕ್ಕಣೆ ಸುಳ್ಳಾಗಿರುವ ಪತ್ರಗಳೂ ಉಂಟು, ಅಪಾಯ ಇರುವುದು ಅಲ್ಲಿಯೇ. ಪೇಪಾಲ್‌ನ ಸ್ವಂತ ವ್ಯವಸ್ಥೆಯಿಂದಲೇ ಸುಳ್ಳು ಬಿಲ್ಲು ಕಳುಹಿಸಿ, ಅದರ ಟಿಪ್ಪಣಿಯಲ್ಲಿ ತಮ್ಮ ಫೋನ್ ಸಂಖ್ಯೆ ಬರೆದು, ‘ಈ ಖರೀದಿ ನಿಮ್ಮದಲ್ಲದಿದ್ದರೆ ಕೂಡಲೇ ಕರೆ ಮಾಡಿ’ ಎನ್ನುವ ವಂಚಕರಿದ್ದಾರೆ. ಇಲ್ಲಿ ವಿಳಾಸ ಅಸಲಿ. ನಮ್ಮಲ್ಲಿ 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿಯೂ ಹೀಗೆಯೇ ‘ಹಣ ಕೇಳುವ’ ಕೋರಿಕೆಯನ್ನು ‘ಹಣ ಬರುವ’ ಕೋರಿಕೆಯೆಂದು ನಂಬಿಸಿ ಜನರಿಂದ ಪಿನ್ ಒತ್ತಿಸುತ್ತಿದ್ದರು. ಪಿನ್ ಬೇಕಾಗುವುದು ಖಾತೆಯಿಂದ ಹಣ ಹೋಗಲು. ಬರುವ ಹಣಕ್ಕೆ ಪಿನ್ ಬೇಡ. ವ್ಯಕ್ತಿ ವ್ಯಕ್ತಿಗೆ ಕಳುಹಿಸುವ ಇಂಥ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ರಾಷ್ಟ್ರೀಯ ಪಾವತಿ ನಿಗಮ ತೆಗೆದೇ ಹಾಕಿತು. ಇಂಥ ಕಡೆ ಉಳಿಯುವ ದಾರಿ ಒಂದೇ: ಪತ್ರದಲ್ಲಿರುವ ಕೊಂಡಿಯನ್ನೂ ಸಂಖ್ಯೆಯನ್ನೂ ಮುಟ್ಟದೆ, ಪಾಸ್‌ಬುಕ್ಕಿನಲ್ಲಿ ಅಥವಾ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ಕರೆ ಮಾಡುವುದು, ಇಲ್ಲವೆ ಊರಿನ ಶಾಖೆಗೆ ಹೋಗಿ ‘ಇದು ನಿಮ್ಮದೇನ್ರೀ?’ ಎಂದು ಕೇಳುವುದು.

ಕೊಂಡಿ ಒತ್ತಿ ವಿವರ ಕೊಟ್ಟಾಗಿದ್ದರೆ? ಹುಂಡಿಯ ಕಾಲದ ಷಾ ಈಗ ಇಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವನಿಗೆ ನಷ್ಟವಿಲ್ಲ. ಆದರೆ ಗುಪ್ತ ವಿವರವನ್ನು ತಾನೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದೆಲ್ಲ ಅವನದೇ ನಷ್ಟ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಆದ್ದರಿಂದಲೇ ಗಳಿಗೆ ಗಳಿಗೆಗೂ ಬೆಲೆ. 1930 ಸಂಖ್ಯೆಗೆ ಕೂಡಲೇ ದೂರು ಕೊಟ್ಟರೆ, ಹಣ ವಂಚಕನ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮುನ್ನ ತಡೆಹಿಡಿಯಲು ಸಾಧ್ಯವಿದೆ. ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ದಿನ ಕಳೆಯುವವರಿಗೆ ಈ ಅವಕಾಶ ಸಿಗುವುದಿಲ್ಲ.

ಬ್ಯಾಂಕಿನ ಮೇಲೆ ಹೊಣೆ ಬಿದ್ದ ಉದಾಹರಣೆ ಇಲ್ಲವೆಂದೇನಿಲ್ಲ. ವಿದೇಶದಲ್ಲಿದ್ದ ಖಾತೆದಾರರೊಬ್ಬರು ಬ್ಯಾಂಕಿನದೇ ಎಂದು ನಂಬಿ 2007ರಲ್ಲಿ ಇಂಥ ಇಮೇಲ್ ಒಂದಕ್ಕೆ ವಿವರ ಕೊಟ್ಟು ಆರು ಲಕ್ಷಕ್ಕೂ ಹೆಚ್ಚು ರೂಪಾಯಿ ಕಳೆದುಕೊಂಡಿದ್ದರು. ತಪ್ಪು ಗ್ರಾಹಕನದೇ ಎಂದು ಬ್ಯಾಂಕು ವಾದಿಸಿತು. ಕಾಯ್ದೆಯಡಿ ವಿಚಾರಣೆ ನಡೆಸಿದ ತಮಿಳುನಾಡಿನ ಅಧಿಕಾರಿ 2010ರ ಏಪ್ರಿಲ್‌ನಲ್ಲಿ ಆ ವಾದವನ್ನು ಒಪ್ಪದೆ, 12.85 ಲಕ್ಷ ರೂಪಾಯಿ ಕೊಡುವಂತೆ ಬ್ಯಾಂಕಿಗೇ ಆದೇಶಿಸಿದರು.