ಹುಳು ಬಲ್ಲ ಕಳ್ಳಿ: ಉಜ್ಜಿನಿ ಸೀಮೆಯ ಪಾಪಾಸುಕಳ್ಳಿಯ ಚರಿತ್ರೆ

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬ ಮಾತು ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆಗೆ ಸಂದ ಗೌರವ. ಈ ಲೇಖನದ ವಸ್ತು ಊರ ಹೊರಗಿದೆ: ಉಜ್ಜಿನಿಯಿಂದ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಕಡೆಗೆ ಹಬ್ಬಿದ ಕೆಂಪು ಮಸಾರಿ ಹೊಲಗಳ ಬದುವಿನಲ್ಲಿ, ಗುಂಡುಗಲ್ಲಿನ ಗುಡ್ಡಗಳ ಬುಡದಲ್ಲಿ ಅಲ್ಲಲ್ಲಿ ಉಳಿದುಕೊಂಡ ಪಾಪಾಸುಕಳ್ಳಿ. ಅನಾದಿ ಕಾಲದಿಂದ ಇಲ್ಲೇ ಇದ್ದಂತೆ ನಿಂತಿರುವ ಈ ಗಿಡ ಕಡಲು ದಾಟಿ ಬಂದದ್ದು.

ಕ್ಯಾಕ್ಟಸ್ ಕುಟುಂಬದ 1,500ಕ್ಕೂ ಹೆಚ್ಚು ಪ್ರಭೇದಗಳಲ್ಲಿ, ಮರದ ಮೇಲೆ ಬೆಳೆಯುವ ಒಂದೇ ಒಂದನ್ನು ಬಿಟ್ಟರೆ, ಮಿಕ್ಕೆಲ್ಲವುಗಳ ತವರು ಅಮೆರಿಕ ಖಂಡಗಳು ಮಾತ್ರ. ನಮ್ಮ ಎಲೆಗಳ್ಳಿ, ಚದುರಗಳ್ಳಿ, ಬೊಂತೆಗಳ್ಳಿಗಳು ಹಾಲು ಸುರಿಸುವ ಯೂಫೋರ್ಬಿಯಾ ಬಳಗದವು, ಕ್ಯಾಕ್ಟಸ್‌ಗಳಲ್ಲ. ಹಳೆಯ ಬರಹಗಳಲ್ಲಿ ಕಳ್ಳಿ ಕಂಡಲ್ಲೆಲ್ಲ ಪಾಪಾಸುಕಳ್ಳಿಯನ್ನು ಕಾಣುವ ಉತ್ಸಾಹಕ್ಕೆ ಇಲ್ಲೇ ಕಡಿವಾಣ ಬೇಕು. ಪೋರ್ಚುಗೀಸರ ಹಡಗುಗಳಲ್ಲಿ ಅದು ಬಂದಿತೆಂಬ ಊಹೆ ಒಪ್ಪತಕ್ಕದ್ದೇ. ಆದರೆ ಕಾಗದಪತ್ರಗಳ ಗಟ್ಟಿ ಆಧಾರ ಸಿಗುವುದು 18ನೇ ಶತಮಾನದ ಕೊನೆಗೆ, ಅದೂ ಒಂದು ಬಣ್ಣದ ಆಸೆಯ ಜೊತೆಯಲ್ಲಿ.

ಆ ಬಣ್ಣ ಕೊಚಿನೀಲ್. ಕಳ್ಳಿಯ ರಸ ಹೀರುವ, ಮೈಗೆ ಬಿಳಿ ಹತ್ತಿಯಂಥ ಮೇಣ ಹೊದ್ದ ಸಣ್ಣ ಹುಳುವನ್ನು ಒಣಗಿಸಿ ತೆಗೆಯುವ ಕಡುಗೆಂಪು. ಮೆಕ್ಸಿಕೋದ ಒಹಾಕಾದಲ್ಲಿ ಸಾಕುತ್ತಿದ್ದ ಈ ಹುಳುವಿನ ವ್ಯಾಪಾರ ಸ್ಪೇನಿನ ಮುಷ್ಟಿಯಲ್ಲಿತ್ತು. ಅದನ್ನು ಒಡೆಯಲು ಈಸ್ಟ್ ಇಂಡಿಯಾ ಕಂಪನಿ ಹವಣಿಸಿತು. ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ 1780ರ ದಶಕದಿಂದಲೇ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಜೊತೆ ಈ ಬಗ್ಗೆ ಪತ್ರ ವ್ಯವಹಾರ ನಡೆಸಿದ, ಹುಳುವಿನ ಮೇವಿಗೆಂದು ಕಳ್ಳಿಯ ತೋಟವನ್ನೇ ಹಾಕಿಸಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ರಿಯೊ ಡಿ ಜನೈರೊದಿಂದ ಹುಳುಗಳನ್ನು ಕಲ್ಕತ್ತೆಗೆ ತಂದ. ತಂದದ್ದು ಬಣ್ಣದ ಹುಳುವಲ್ಲ, ಅದರ ಕಾಡು ದಾಯಾದಿ ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್. ಬಣ್ಣದ ಕನಸು ಕರಗಿತು. ಹುಳು ಮಾತ್ರ ತನ್ನ ಪಾಡಿಗೆ ತಾನು ಒಪನ್ಷಿಯಾ ಮೊನಕ್ಯಾಂತಾ ಎಂಬ ಪಾಪಾಸುಕಳ್ಳಿಯನ್ನು ತಿನ್ನುತ್ತ ಹೋಯಿತು. ಈ ಗುಣ ಕಂಡು 1836–38ರ ನಡುವೆ ಅದನ್ನು ದಕ್ಷಿಣಕ್ಕೂ, 1860ರ ದಶಕದಲ್ಲಿ ಸಿಂಹಳಕ್ಕೂ ಒಯ್ದರು. ಕಳೆಯ ಮೇಲೆ ಬೇಕೆಂದೇ ಹುಳು ಬಿಟ್ಟ ಜಗತ್ತಿನ ಮೊದಲ ದಾಖಲಾದ ಪ್ರಸಂಗವೆಂದು ಕೀಟಶಾಸ್ತ್ರಜ್ಞರು ಇದನ್ನು ಎಣಿಸುತ್ತಾರೆ.

ಆದರೆ ಪಕ್ಕದಲ್ಲೇ ನಿಂತಿದ್ದ ಇನ್ನೊಂದು ಜಾತಿಯನ್ನು, ಹಳದಿ ಮುಳ್ಳಿನ ಒಪನ್ಷಿಯಾ ಡಿಲೆನಿಯನ್ನು, ಆ ಹುಳು ಮೂಸಿಯೂ ನೋಡಲಿಲ್ಲ. ಸಸ್ಯಶಾಸ್ತ್ರಜ್ಞರು ಹೆಸರುಗಳಲ್ಲಿ ತಡವರಿಸುತ್ತಿದ್ದಾಗ ಹುಳುವಿಗೆ ಮಾತ್ರ ಜಾತಿಭೇದ ಚೆನ್ನಾಗಿ ಗೊತ್ತಿತ್ತು. 19ನೇ ಶತಮಾನದುದ್ದಕ್ಕೂ ಡಿಲೆನಿ ತೆಂಕಣ ಒಣನಾಡಿನ ಹೊಲ, ಗೋಮಾಳಗಳನ್ನು ನುಂಗಿತು. ಆಗ ಈ ಸೀಮೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ನಾಡು. ಮಳೆ ಕೈಕೊಡುವ ಇಂಥ ಕಡೆ ನೀರು ಕೇಳದ, ದನ ಮೇಯದ, ಮುರಿದು ಬಿದ್ದ ಪ್ರತಿ ಡಬ್ಬಿಯಿಂದಲೂ (ಚಪ್ಪಟೆ ಕಾಂಡದ ತುಂಡಿನಿಂದಲೂ) ಚಿಗುರುವ ಬೇಲಿ ರೈತನಿಗೆ ಮೊದಲು ವರವೇ ಆಗಿದ್ದಿರಬೇಕು. ಬದುವಿನಿಂದ ಹೊಲಕ್ಕಿಳಿದ ಮೇಲೆ ಅದನ್ನು ಕಡಿದಷ್ಟೂ ಹೆಚ್ಚುತ್ತದೆ.

ಡಿಲೆನಿಯನ್ನು ತಿನ್ನುವ ಇನ್ನೊಂದು ಹುಳು 1926ರಲ್ಲಿ ಸಿಂಹಳದಿಂದ ಬಂತು. ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ದಟ್ಟ ಕಳ್ಳಿಮೆಳೆಗಳು ಕೊಳೆತು ಕುಸಿದವು. ಇಲ್ಲಿ ಸಂಶೋಧಕರು ಎಡವುವ ಒಂದು ಜಾಗವಿದೆ. ಆ ಕಾಲದ ವರದಿಗಳು ಈ ಹುಳುವನ್ನು ಡ್ಯಾಕ್ಟಿಲೋಪಿಯಸ್ ಟೊಮೆಂಟೋಸಸ್ ಎನ್ನುತ್ತವೆ. ಇಂದು ಆ ಹೆಸರಿರುವುದು ಬೇರೆಯೇ ಹುಳುವಿಗೆ: ಚೋಯಾ ಕಳ್ಳಿಗಳ ಹುಳುವಿಗೆ. ಚೋಯಾ ಎಂದರೆ ಮೆಕ್ಸಿಕೋದ ಉತ್ತರ, ಅಮೆರಿಕದ ನೈಋತ್ಯ ಮರುಭೂಮಿಗಳ ಸಿಲಿಂಡ್ರೊಪನ್ಷಿಯಾ ಕುಲ. ಡಬ್ಬಿಯ ಬದಲು ಉರುಟು ಗಣ್ಣುಗಳು, ಪ್ರತಿ ಮುಳ್ಳಿಗೂ ಕಾಗದದಂಥ ತೆಳು ಒರೆ. ಸುಮಾರು 35 ಪ್ರಭೇದಗಳು. ಸೋಕಿದರೆ ಸಾಕು, ಗಣ್ಣು ಕಳಚಿ ಮೈಗಂಟುವ ‘ಜಿಗಿಯುವ ಚೋಯಾ’, ಅಂದರೆ ಫುಲ್ಗಿಡಾ, ಇವುಗಳಲ್ಲಿ ಹೆಸರುವಾಸಿ. 1926ರ ವರದಿಯನ್ನು ಇಂದಿನ ಹೆಸರಿನಲ್ಲಿ ಓದಿದವರಿಗೆ ದಖ್ಖನಿನಲ್ಲಿ ಚೋಯಾ ಮೆಳೆಗಳಿದ್ದವೆಂಬ ಭ್ರಮೆ ಹುಟ್ಟೀತು. ನಿಜದಲ್ಲಿ ಇಲ್ಲಿ ಬಿಟ್ಟದ್ದು ಡ್ಯಾಕ್ಟಿಲೋಪಿಯಸ್ ಒಪನ್ಷಿಯೇ. 1974ರಲ್ಲಿ ಕೀಟಶಾಸ್ತ್ರಜ್ಞ ಡಿ ಲೊಟ್ಟೊ ಈ ಹುಳುಗಳ ಕುಲವನ್ನು ಮರುಪರಿಶೀಲಿಸಿ ಗೋಜಲನ್ನು ಬಿಡಿಸಿದ. ಗಿಡದ ಚರಿತ್ರೆ ಬರೆಯುವವರು ಹುಳುವಿನ ವಂಶಾವಳಿಯನ್ನೂ ಓದಬೇಕೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

ಹುಳುವಿನ ನಾಲಗೆ ಪ್ರಭೇದಕ್ಕೇ ನಿಲ್ಲುವುದಿಲ್ಲ. ನಿಜವಾದ ಟೊಮೆಂಟೋಸಸ್‌ನ ಒಂದು ತಳಿ ಇಂಬ್ರಿಕೇಟಾ ಚೋಯಾವನ್ನು ಕೊಲ್ಲುತ್ತದೆ, ಫುಲ್ಗಿಡಾದ ಮೇಲೆ ಅದರ ಆಟ ನಡೆಯದು. ಹಾಗಾಗಿ ದಕ್ಷಿಣ ಆಫ್ರಿಕದವರು ಫುಲ್ಗಿಡಾಕ್ಕೆಂದೇ ಬೇರೆ ತಳಿಯನ್ನು ಹುಡುಕಿ 2008ರಲ್ಲಿ ಬಿಡಬೇಕಾಯಿತು. ಆಸ್ಟ್ರೇಲಿಯದಲ್ಲಿ ಪಾಪಾಸುಕಳ್ಳಿಯನ್ನು ಮುಖ್ಯವಾಗಿ ಮಣಿಸಿದ್ದು ಅರ್ಜೆಂಟೀನಾದಿಂದ 1925ರಲ್ಲಿ ತಂದ ಪತಂಗದ ಮರಿಹುಳು. ಅಲ್ಲಿನ ಬೂನಾರ್ಗದಲ್ಲಿ ಅದರ ಹೆಸರಿನ ಸಭಾಭವನವೇ ಇದೆ. ನಮ್ಮ ಹುಳುವಿಗೆ ಅಂಥ ಸ್ಮಾರಕದ ಭಾಗ್ಯವಿಲ್ಲ.

ಇಂದು ಈ ಭಾಗದ ಬೀಳುಗಳಲ್ಲಿ ಎದ್ದು ಕಾಣುವುದು ಬಳ್ಳಾರಿ ಜಾಲಿ. ಅದೂ ಅಮೆರಿಕ ಮೂಲದ್ದೇ, 1877ರ ಸುಮಾರಿಗೆ, ದೊಡ್ಡ ಬರದ ಹೊತ್ತಿನಲ್ಲಿ, ನೆರೆಯ ಕಡಪ ಸೀಮೆಯಲ್ಲಿ ಬಿತ್ತಿ ಹಬ್ಬಿಸಿದ್ದು. ಕಳ್ಳಿ ಉಳಿದಿರುವುದು ಕಲ್ಲುಸಂದುಗಳಲ್ಲಿ. ಅದರ ಡಬ್ಬಿಗಳ ಮೇಲೆ ಬಿಳಿ ಹತ್ತಿಯ ಚುಕ್ಕೆ ಕಂಡರೆ ಬೆರಳಲ್ಲಿ ಒತ್ತಿ ನೋಡಬಹುದು, ಕೆಂಪಾಗುತ್ತದೆ.

ಈ ಚುಕ್ಕೆಗೆ ಈಗ ಹೊಸ ಮಹತ್ವ ಬಂದಿದೆ. ಒಣನಾಡಿನ ಮೇವಿಗೆಂದು ಮುಳ್ಳಿಲ್ಲದ ಕಳ್ಳಿ, ಒಪನ್ಷಿಯಾ ಫೈಕಸ್-ಇಂಡಿಕಾ, ಭಾರತದ ಸಂಶೋಧನಾ ಸಂಸ್ಥೆಗಳಲ್ಲಿ ಪ್ರಯೋಗಕ್ಕೆ ಬಂದಿದೆ. ಕೊಟ್ಟೂರು, ಕೂಡ್ಲಿಗಿಯಂಥ ತಾಲ್ಲೂಕುಗಳಿಗೆ ಹೇಳಿಮಾಡಿಸಿದ ಬೆಳೆಯಂತೆ ತೋರುತ್ತದೆ. ಆದರೆ 1926ರಲ್ಲಿ ಬಿಟ್ಟ ಹುಳುವಿಗೆ ಇದೂ ಪ್ರಿಯ ಆಹಾರ. ಬ್ರೆಜಿಲಿನ ಪೆರ್ನಾಂಬುಕೊದಲ್ಲಿ ಅದು ಮೇವಿನ ಕಳ್ಳಿಯ ತೋಟಗಳನ್ನು ಹಾಳುಗೆಡವಿತು. 2014ರಲ್ಲಿ ಮೊರಾಕ್ಕೊದಲ್ಲಿ ಕಾಣಿಸಿಕೊಂಡು ಹಳ್ಳಿಗಳ ಕಳ್ಳಿಬೇಲಿಗಳನ್ನೇ ಅಳಿಸಿಹಾಕಿತು. ಅಲ್ಲಿಯವರು ಈಗ ಹುಳುವನ್ನು ತಾಳಿಕೊಳ್ಳುವ ತಳಿಗಳನ್ನು ಆರಿಸಿ ನೆಡುತ್ತಿದ್ದಾರೆ. ಇಲ್ಲಿ ಮೇವಿನ ಕಳ್ಳಿ ನೆಡುವ ಮುನ್ನ ಗುಡ್ಡದ ಹಳೆಯ ಡಬ್ಬಿಗಳ ಮೇಲಿನ ಹುಳು ಯಾವುದೆಂದು ಗುರುತಿಸುವ ಕೆಲಸ ಆಗಬೇಕಿದೆ.